ಮೇಣದ ಮೇಲೆ ಸ್ವರ ಕೂರಿಸುವವರು

ಒಳಗೆ ಕಾಲಿಡುವ ಮೊದಲೇ ಜೇನುಮೇಣ ಕರಗುವ ವಾಸನೆ ಎದುರುಗೊಳ್ಳುತ್ತದೆ. ಅದರ ಬೆನ್ನಿಗೇ ಇದ್ದಿಲ ಘಾಟು, ಆಮೇಲೆ ಹಲಸಿನ ಚಕ್ಕೆಯ ಸಿಹಿ ಬೆರೆತ ಗಂಧ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಬೆಳಗಿನ ಬಿಸಿಲು ಇನ್ನೂ ಹೆಂಚಿನ ಅಂಚು ಬಿಟ್ಟು ಕೆಳಗಿಳಿದಿಲ್ಲ. ಗೋಡೆಗೆ ಒರಗಿಸಿಟ್ಟ ವೀಣೆಯ ದಂಡಿಗಳಿಗೆ ಬಣ್ಣವಿಲ್ಲ, ಮೆರುಗಿಲ್ಲ. ಹಲಸಿನ ಹಳದಿ ಮೈ ಉಳಿಯ ಗೀರುಗಳ ಸಮೇತ ಹಾಗೇ ಇದೆ. ಮೂಲೆಯಲ್ಲಿ ಒಬ್ಬರು ಬಾಚಿ ಹಿಡಿದು ಕೊಡದ ಒಳಗನ್ನು ತೋಡುತ್ತಿದ್ದಾರೆ. ಅವರ ಏಟಿಗೊಂದು ಲಯವಿದೆ: ಎರಡು ಬಿರುಸು, ಒಂದು ಮೆದು, ಮತ್ತೆ ಎರಡು ಬಿರುಸು. ಬನ್ನಿ, ಈ ಚಾಪೆಯ ಅಂಚಿನಲ್ಲಿ ಸದ್ದಿಲ್ಲದೆ ಕೂರೋಣ. ಇನ್ನು ಸ್ವಲ್ಪ ಹೊತ್ತಿಗೆ ಆ ಬಾಚಿಯೂ ನಿಲ್ಲುತ್ತದೆ. ಮೇಳ ಕಟ್ಟಲು, ಅಂದರೆ ದಂಡಿಯ ಮೇಲೆ ಸ್ವರದ ಮೆಟ್ಟಿಲು ಕೂರಿಸಲು, ಕೂತರೆ ಈ ಮನೆಯಲ್ಲಿ ಬೇರೆ ಸದ್ದಿಗೆ ಜಾಗವಿಲ್ಲ.

ನಡುಮನೆಯಲ್ಲಿ ಗೋಣಿತಾಟಿನ ಮೇಲೆ ಮಲಗಿರುವ ವೀಣೆ ಹೆಚ್ಚುಕಮ್ಮಿ ಮುಗಿದಿದೆ. ಒಂದು ತುದಿಗೆ ದುಂಡನೆಯ ಕೊಡ, ಇನ್ನೊಂದು ತುದಿಗೆ ಬಾಯ್ದೆರೆದ ಯಾಳಿಯ ಮುಖ, ಅದರ ಕೆಳಗೆ ದಂಡಿಗೆ ಆಸರೆಯಾದ ಬುರುಡೆ. ಬಿರಡೆಗಳು ಕೂತಿವೆ, ತಂತಿ ಹೊರುವ ಕುದುರೆಯ ಮೇಲೆ ಲೋಹದ ತಗಡು ಹೊಳೆಯುತ್ತಿದೆ. ನೋಡಲು ವೀಣೆಯೇ. ಆದರೆ ದಂಡಿಯ ಮೇಲೆ ಮೆಟ್ಟಿಲುಗಳಿಲ್ಲ. ತಂತಿ ಬಿಗಿದು ಮೀಟಿದರೆ ನಾದ ಹೊರಡುತ್ತದೆ, ರಾಗ ಹೊರಡುವುದಿಲ್ಲ.

ಅಗ್ಗಿಷ್ಟಿಕೆಯ ಮುಂದೆ ಕೂತ ಹಿರಿಯರು ಚಿಕ್ಕ ಬಾಣಲೆಯಲ್ಲಿ ಮೇಣ ಕರಗಿಸುತ್ತಿದ್ದಾರೆ. ಪಕ್ಕದಲ್ಲಿ ಅವರ ತಮ್ಮನ ಮಗ, ಇಪ್ಪತ್ತರ ಆಸುಪಾಸಿನ ಹುಡುಗ, ಇದ್ದಿಲನ್ನು ಅರೆದು ಬಟ್ಟೆಯಲ್ಲಿ ಸೋಸಿದ ನುಣುಪು ಪುಡಿಯನ್ನು ಚಮಚದಲ್ಲಿ ಹಾಕುತ್ತಾನೆ. ಬರೀ ಮೇಣವಾದರೆ ಮೆತ್ತಗಾಗಿ ಮೆಟ್ಟಿಲು ಜಾರುತ್ತದೆ, ಪುಡಿ ಹೆಚ್ಚಾದರೆ ಗಡುಸಾಗಿ ಬಿರುಕು ಬಿಡುತ್ತದೆ. ಗಟ್ಟಿ ಬರಲೆಂದು ಕೆಲವರು ಒಂದಿಷ್ಟು ರಾಳವನ್ನೂ ಬೆರೆಸುತ್ತಾರೆ. ಇಲ್ಲಿ ತಕ್ಕಡಿಯಿಲ್ಲ. ಹಿರಿಯರು ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ನೀರಿಗೆ ಬಿಟ್ಟು, ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ನೋಡುತ್ತಾರೆ.

“ಕಾವು ಜಾಸ್ತಿ ಆಯ್ತು ಮಗಾ, ಇಳಿಸು.”

“ಇಳಿಸ್ದೆ ದೊಡ್ಡಪ್ಪ.”

“ಇನ್ನೊಂಚೂರು ಪುಡಿ ಹಾಕು. ಬ್ಯಾಸ್ಗೆ ಬತ್ತಾ ಐತೆ.”

ಬೇಸಿಗೆಗೆ ಒಂದು ಪಾಕ, ಮಳೆಗಾಲಕ್ಕೆ ಒಂದು ಪಾಕ. ವೀಣೆ ಹೋಗುವ ಊರು ಯಾವುದೆಂದೂ ಕೇಳಿಕೊಂಡಿರುತ್ತಾರೆ. ಬಳ್ಳಾರಿಯ ಸೆಕೆಗೆ ಹೋಗುವ ಮೇಣವೂ ಮಡಿಕೇರಿಯ ಚಳಿಗೆ ಹೋಗುವ ಮೇಣವೂ ಒಂದೇ ಆಗಿರಲಾರದು. ಬಾಣಲೆಯಿಂದ ತೆಗೆದ ಕಪ್ಪು ಮುದ್ದೆಯನ್ನು ಹಲಗೆಯ ಮೇಲೆ ಹೋಳಿಗೆಯ ಕಣಕದಂತೆ ಚೆನ್ನಾಗಿ ನಾದಿ, ಎಳೆದು, ಮತ್ತೆ ಮಡಿಸಿ ನಾದಿ, ಉದ್ದನೆಯ ಎರಡು ಪಟ್ಟಿಗಳಾಗಿ ಹೊಸೆದು ದಂಡಿಯ ಎರಡೂ ಅಂಚಿನ ಮರದ ಕಟ್ಟೆಗಳ ಮೇಲೆ ಒತ್ತುತ್ತ ಹೋಗುತ್ತಾರೆ. ಬೆಚ್ಚಗಿರುವಾಗಲೇ ಒದ್ದೆ ಬೆರಳಿಂದ ಮೇಲ್ಮೈ ಸವರುತ್ತಾರೆ. ಈಗ ದಂಡಿಯ ಉದ್ದಕ್ಕೂ ಎರಡು ಕರಿ ದಿಣ್ಣೆಗಳು, ನಡುವೆ ಟೊಳ್ಳು.

ಹುಡುಗ ಹಳೆಯ ಪಂಚೆಯ ತುಂಡನ್ನು ಬಿಚ್ಚುತ್ತಾನೆ. ಒಳಗೆ ಹಿತ್ತಾಳೆಯ ಮೆಟ್ಟಿಲುಗಳು, ಮೇಲ್ಭಾಗ ದುಂಡಗೆ ಉಜ್ಜಿದ ಬೆರಳುದ್ದದ ಸಲಾಕೆಗಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ಎಲ್ಲಾದರೂ ತರಿಯಿದೆಯೇ ಎಂದು ಉಗುರಿಂದ ತಡವಿ ನೋಡಿ ಸಾಲಾಗಿ ಇಡುತ್ತಾನೆ. ಒಂದು ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗೆ 24. ಅಷ್ಟನ್ನೂ ಎರಡೂ ದಿಣ್ಣೆಗಳ ಮೇಲೆ ಅಡ್ಡಡ್ಡಲಾಗಿ ಅಂದಾಜಿನಲ್ಲಿ ಕೂರಿಸುತ್ತಾರೆ. ಯಾಳಿಯ ಕಡೆ ತಂತಿಗೆ ಆಸರೆಯಾದ ಮೇರುವಿನ ಹತ್ತಿರ ಅಂತರ ಹೆಚ್ಚು, ಕೊಡದ ಕಡೆ ಬಂದಂತೆ ಒತ್ತೊತ್ತು. ಮೇರುವಿನಿಂದ ಕುದುರೆಯವರೆಗೆ ಮಿಡಿಯುವ ತಂತಿ 80 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಮೊದಲ ಮೆಟ್ಟಿಲಿಗೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ದೂರ. ಕೊನೆಯ ಎರಡರ ನಡುವೆ ಒಂದೂಕಾಲು ಸೆಂಟಿಮೀಟರೂ ಇರುವುದಿಲ್ಲ. ಹನ್ನೆರಡನೆಯದು ತಂತಿಯ ಸರಿಯರ್ಧಕ್ಕೆ, ಇಪ್ಪತ್ತನಾಲ್ಕನೆಯದು ಮುಕ್ಕಾಲಿಗೆ ಬರಬೇಕು. ಇಷ್ಟು ಲೆಕ್ಕ. ಈ ಲೆಕ್ಕ ಹೇಳಿದ ಜಾಗದಲ್ಲೇ ಮೆಟ್ಟಿಲನ್ನು ಬಿಟ್ಟು ಎದ್ದರೆ ಆ ವೀಣೆ ಅಪಸ್ವರ ನುಡಿಯುತ್ತದೆ.

ಕಾರಣ ಬೆರಳು. ಮೆಟ್ಟಿಲ ಮೇಲೆ ತಂತಿಯನ್ನು ಒತ್ತಿದಾಗ ಅದು ಕೆಳಗೆ ಬಾಗುತ್ತದೆ, ಬಾಗಿದಷ್ಟೂ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಸ್ವರ ಏರುತ್ತದೆ. ಮೊದಲ ತಂತಿಯಾದ ಉಕ್ಕಿನ ತೆಳು ಸಾರಣಿ ಏರುವಷ್ಟೇ ಕೊನೆಯ ತಂತಿಯಾದ ಹಿತ್ತಾಳೆಯ ದಪ್ಪ ಅನುಮಂದ್ರವೂ ಏರಬೇಕೆಂದಿಲ್ಲ. ನುಡಿಸುವ ನಾಲ್ಕೂ ತಂತಿಗೆ ಮೆಟ್ಟಿಲು ಒಂದೇ. ಈ ನಾಲ್ವರ ನಡುವೆ ರಾಜಿ ಮಾಡಿಸುವುದು ಕಿವಿಯ ಕೆಲಸ.

ಬಾಚಿ ನಿಂತಿತು. ಹುಡುಗ ಶ್ರುತಿಪೆಟ್ಟಿಗೆ ಹಚ್ಚಿ ಪಕ್ಕದ ಮೂರು ತಾಳದ ತಂತಿಗಳನ್ನು ಷಡ್ಜ, ಪಂಚಮ, ತಾರ ಷಡ್ಜಕ್ಕೆ ಕೂಡಿಸುತ್ತಾನೆ. ಹಿರಿಯರು ಮೊದಲು ಹಿಡಿಯುವುದು ಹನ್ನೆರಡನೆಯ ಮೆಟ್ಟಿಲನ್ನು. ಸಾರಣಿಯನ್ನು ಅಲ್ಲಿ ಒತ್ತಿ ಮೀಟುತ್ತಾರೆ, ಕಿರುಬೆರಳಿಂದ ತಾರ ಷಡ್ಜದ ತಂತಿಯನ್ನು ತಟ್ಟುತ್ತಾರೆ. ಎರಡೂ ನಾದ ಒಂದಕ್ಕೊಂದು ತಾಕಿ ಗಾಳಿಯಲ್ಲಿ ಅಲೆಯೇಳುತ್ತದೆ: ವೊಂವ್, ವೊಂವ್, ವೊಂವ್. ಸ್ವರ ಸೇರಿಲ್ಲ. ಕಾಯಿಸಿದ ಕಬ್ಬಿಣದ ತುದಿಯನ್ನು ಮೆಟ್ಟಿಲ ಒಂದು ಕೊನೆಗೆ ಹಿಡಿದು, ಕೆಳಗಿನ ಮೇಣ ಬೆವರಿದ ಕ್ಷಣಕ್ಕೆ ಚಾಕುವಿನ ಬೆನ್ನಿಂದ ಮೇರುವಿನ ಕಡೆಗೆ ತಳ್ಳುತ್ತಾರೆ. ತಳ್ಳಿದ್ದು ನಮ್ಮ ಕಣ್ಣಿಗೆ ಕಾಣಿಸದು. ಮತ್ತೆ ಮೀಟುತ್ತಾರೆ. ಅಲೆ ನಿಧಾನವಾಗಿದೆ. ಇನ್ನೊಂದು ಸಲ ಕಾವು, ಇನ್ನೊಂದು ಸಲ ತಳ್ಳು. ಅಲೆ ಉದ್ದವಾಗಿ, ತೆಳ್ಳಗಾಗಿ, ಕೊನೆಗೆ ಮಾಯವಾಗಿ ಎರಡು ತಂತಿಯ ನಾದ ಒಂದೇ ಆಗಿಬಿಡುತ್ತದೆ. ಆಗ ತಾಳದ ತಂತಿ ಯಾರೂ ಮುಟ್ಟದೆಯೇ ತಾನಾಗಿ ಮಿಡಿಯುತ್ತದೆ. ಹಿರಿಯರು ಅದರತ್ತ ಗದ್ದ ಚಾಚಿ ತೋರಿಸುತ್ತಾರೆ, ಮಾತಾಡುವುದಿಲ್ಲ.

ಆಮೇಲೆ ಏಳನೆಯದು, ಅದು ತಾಳದ ಪಂಚಮಕ್ಕೆ ಸೇರಬೇಕು. ಐದನೆಯದನ್ನು ಪಂಚಮದ ತಂತಿಯ ಮೇಲೆ ಒತ್ತಿದರೆ ಬರುವ ಷಡ್ಜ, ಬಿಟ್ಟ ಸಾರಣಿಯ ಷಡ್ಜವೇ ಆಗಿರಬೇಕು. ಹೀಗೆ ಗೊತ್ತಿರುವ ಸ್ವರಗಳನ್ನು ಗೂಟ ಹೊಡೆದು ನಿಲ್ಲಿಸಿಕೊಂಡು ನಡುವಿನವನ್ನು ಹುಡುಕುತ್ತ ಹೋಗುತ್ತಾರೆ. ನಾಲ್ಕನೆಯದಕ್ಕೆ, ಅಂತರ ಗಾಂಧಾರಕ್ಕೆ, ಬಂದಾಗ ಶ್ರುತಿಪೆಟ್ಟಿಗೆ ನಿಲ್ಲಿಸಿ ತಂಬೂರಿ ತರಿಸುತ್ತಾರೆ. ಹದವಾಗಿ ಕೂಡಿದ ತಂಬೂರಿಯ ಮಂದ್ರ ಷಡ್ಜದೊಳಗೆ ಗಾಂಧಾರವೊಂದು ತಾನೇ ಕೇಳಿಬರುತ್ತದೆ. ಅದಕ್ಕೇ ಮೆಟ್ಟಿಲನ್ನು ಹೊಂದಿಸುತ್ತಾರೆ. ಇಂಥ ಸ್ವಯಂಭೂ ಸ್ವರಗಳನ್ನು ಆಸರೆ ಮಾಡಿಕೊಂಡೇ ರಾಮಾಮಾತ್ಯ 1550ರಲ್ಲಿ ವಿಜಯನಗರದಲ್ಲಿ, ಅಳಿಯ ರಾಮರಾಯನ ಅಪೇಕ್ಷೆಯಂತೆ, ‘ಸ್ವರಮೇಳಕಲಾನಿಧಿ’ ಬರೆದು ವೀಣೆಯ ಮೇಲೆ ಮೆಟ್ಟಿಲು ಎಲ್ಲೆಲ್ಲಿ ಬರಬೇಕೆಂದು ವಿವರಿಸಿದ. ರಾಗ ಬದಲಾದಾಗ ಮೆಟ್ಟಿಲು ಜರುಗಿಸಿಕೊಳ್ಳುವ ವೀಣೆಯೂ ಅವನಿಗೆ ಗೊತ್ತಿತ್ತು, ಎಲ್ಲ ರಾಗಕ್ಕೂ ಒಂದೇ ಮೇಳ ಕಟ್ಟಿದ ವೀಣೆಯೂ ಗೊತ್ತಿತ್ತು. 24 ಮೆಟ್ಟಿಲುಗಳನ್ನು ಮೇಣದಲ್ಲಿ ಕಾಯಂ ಆಗಿ ನಿಲ್ಲಿಸಿದ ಈಗಿನ ಕಟ್ಟನ್ನು ಪರಂಪರೆ ಹದಿನೇಳನೆಯ ಶತಮಾನದ ತಂಜಾವೂರಿನ ರಘುನಾಥ ನಾಯಕನ ಹೆಸರಿಗೂ, ಅವನ ಮಂತ್ರಿಯಾಗಿದ್ದ ಕನ್ನಡಮೂಲದ ಗೋವಿಂದ ದೀಕ್ಷಿತರ ಹೆಸರಿಗೂ ಸಲ್ಲಿಸುತ್ತದೆ.

ಇದೇ ಕೆಲಸ ಗಿಟಾರಿನ ಮನೆಯಲ್ಲಿ ಬೇರೆ ದಾರಿ ಹಿಡಿಯಿತು. ಸ್ಪೇನಿನ ಗ್ರನಾಡಾದಲ್ಲಿ ಕೈಯಿಂದ ಗಿಟಾರು ಮಾಡುವವರು ಕರಿಮರದ ಪಟ್ಟಿಯ ಮೇಲೆ ಗೆರೆ ಎಳೆದು, ಅರ್ಧ ಮಿಲಿಮೀಟರಿಗಿಂತ ತುಸು ಅಗಲದ ಸೀಳನ್ನು ಸಣ್ಣ ಗರಗಸದಲ್ಲಿ ಕೊಯ್ದು, ಅದರೊಳಗೆ ಲೋಹದ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಳಗೆ ಮುಳ್ಳುಗಳಿರುತ್ತವೆ. ಒಮ್ಮೆ ಮರ ಕಚ್ಚಿದರೆ ಬಿಡದು. ಎಲ್ಲಿ ಕೊಯ್ಯಬೇಕೆಂಬುದು ಗಣಿತ. ಗೆಲಿಲಿಯೋನ ತಂದೆ, ಸಂಗೀತಗಾರ ವಿನ್ಸೆಂಜೊ ಗೆಲಿಲಿ 1581ರಲ್ಲಿ ಒಂದು ಸೂತ್ರ ಹೇಳಿದ: ಉಳಿದ ತಂತಿಯ ಹದಿನೆಂಟರಲ್ಲೊಂದು ಪಾಲು ಮುಂದೆ ಹೋಗಿ ಮೆಟ್ಟಿಲು ಹಾಕು, ಮತ್ತೆ ಉಳಿದುದರ ಹದಿನೆಂಟರಲ್ಲೊಂದು, ಹಾಗೇ ಮುಂದೆ. ಹನ್ನೆರಡು ಹೆಜ್ಜೆಯಾದ ಮೇಲೆ 65 ಸೆಂಟಿಮೀಟರ್ ತಂತಿಯಲ್ಲಿ ನಡುಬಿಂದು ಎರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಅದಕ್ಕೇ ಈಗ 18ರ ಬದಲು 17.817ರಿಂದ ಭಾಗಿಸುತ್ತಾರೆ. ಆ ಗಿಟಾರುಗಳ ಬೆನ್ನು, ಪಕ್ಕೆಗಳಿಗೆ ನಮ್ಮ ದಕ್ಷಿಣದ ಬೀಟೆ ಮರ ಹೋಗುತ್ತದೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಆ ಕೆಲಸದ ನಿಖರತೆ ದೊಡ್ಡದು. ಆದರೆ ಅಲ್ಲಿ ಕೊಯ್ದದ್ದು ಕೊಯ್ದಂತೆ. ಇಲ್ಲಿ ಮೇಣ ಇನ್ನೊಂದು ಅವಕಾಶ ಕೊಡುತ್ತದೆ. ನಾಳೆ ಬರುವ ವಾದಕರ ಬೆರಳಿನ ಭಾರಕ್ಕೆ, ತಂತಿಯ ದಪ್ಪಕ್ಕೆ, ಕಿವಿಯ ರುಚಿಗೆ ಕೂದಲೆಳೆಯಷ್ಟು ಸರಿದುಕೊಳ್ಳುತ್ತದೆ. ಮೇಣವನ್ನು ಹಳೆಯ ಕಾಲದ ಅರೆಕೊರೆ ಉಪಾಯವೆಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ನಮ್ಮ ಸಂಗೀತಕ್ಕೆ ಇಂಥ ಮೆದು ನೆಲವೇ ಬೇಕಿತ್ತು.

ಹೊತ್ತು ಏರಿದೆ. ಹಿರಿಯರ ಹಣೆಯಲ್ಲಿ ಬೆವರು, ಬೆರಳ ಸಂದಿಯಲ್ಲಿ ಕರಿ. ಹುಡುಗನಿಗೆ ಒಂಬತ್ತನೆಯ ಮೆಟ್ಟಿಲನ್ನು ಬಿಟ್ಟುಕೊಟ್ಟು ತಾವು ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ಸಾರಣಿಯ ಒಂಬತ್ತನೆಯ ಮೆಟ್ಟಿಲಲ್ಲಿ ಚತುಶ್ರುತಿ ಧೈವತ. ಪಂಚಮದ ತಂತಿಯ ಎರಡನೆಯ ಮೆಟ್ಟಿಲಲ್ಲಿ ಅದೇ ಧೈವತ, ಒಂದು ಸ್ಥಾಯಿ ಕೆಳಗೆ. ಎರಡನ್ನೂ ಒಂದರ ಹಿಂದೊಂದು ಮೀಟಿದ ಹುಡುಗ ತಲೆಯಾಡಿಸಿ, ಕಬ್ಬಿಣ ಎತ್ತಿ, ಮೆಟ್ಟಿಲನ್ನು ಕುದುರೆಯ ಕಡೆ ತಳ್ಳುತ್ತಾನೆ.

“ಜಾಸ್ತಿ ಹೋತು,” ಎನ್ನುತ್ತಾರೆ ಹಿರಿಯರು, ಕಣ್ಣು ತೆರೆಯದೆ. “ತಗ್ಗಿದ್ರೆ ನುಡ್ಸೋರು ಎಳ್ಕೊಂತಾರೆ. ಏರೋಗಿದ್ರೆ ಅವ್ರೇನ್ ಮಾಡ್ತಾರೆ ಪಾಪ?”

ಆ ಮಾತಿನಲ್ಲಿ ಇಡೀ ಕಸುಬಿನ ಜಾಣ್ಮೆಯಿದೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ, ಇಳಿಸಲು ಉಪಾಯವಿಲ್ಲ. ಅದಕ್ಕೇ ಅನುಮಾನ ಬಂದಲ್ಲೆಲ್ಲ ಮೆಟ್ಟಿಲು ಮೇರುವಿನ ಕಡೆಗೇ ಒಂದು ಎಳೆ ವಾಲಿರುತ್ತದೆ. ಹುಡುಗ ಮತ್ತೆ ಕಾವು ಕೊಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ಜಾಗ ಗೊತ್ತಾದ ಮೇಲೆ ಎತ್ತರ. ಇದು ಕಣ್ಣಿನ ಕೆಲಸ. ಯಾಳಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಡುತ್ತಾರೆ. ಒಂದು ಮೆಟ್ಟಿಲು ಅಕ್ಕಪಕ್ಕದವಕ್ಕಿಂತ ತಲೆಯೆತ್ತಿದ್ದರೆ ತಂತಿ ಅದಕ್ಕೆ ಉಜ್ಜಿ ಝರ್ ಎನ್ನುತ್ತದೆ. ತಗ್ಗಿದ್ದರೆ ಅದರ ಸ್ವರ ಮುಂದಿನ ಮೆಟ್ಟಿಲಿಗೆ ಬಡಿದು ಸಾಯುತ್ತದೆ. ಕಾವು ಕೊಟ್ಟು ಒತ್ತುತ್ತಾರೆ, ಇಲ್ಲವೇ ಮೇಣದ ಒಂದು ಚೂರು ಅಡಿಗೆ ತುರುಕುತ್ತಾರೆ. ಎಲ್ಲ ಮುಗಿದ ಮೇಲೆ ಚಾಕು ಹಿಡಿದು ಮೆಟ್ಟಿಲುಗಳ ನಡುವಿನ ಮೇಣವನ್ನು ಸಣ್ಣ ಸಣ್ಣ ಕಮಾನುಗಳಾಗಿ ಕೊರೆಯುತ್ತಾರೆ. ಕಪ್ಪು ಸುರುಳಿಗಳು ಗೋಣಿತಾಟಿನ ಮೇಲೆ ಉದುರುತ್ತವೆ. ಹುಡುಗ ಅವನ್ನೆಲ್ಲ ಬಾಚಿ ಬಾಣಲೆಗೆ ಹಾಕುತ್ತಾನೆ. ಮೇಣದಲ್ಲಿ ಪೋಲಾಗುವುದೇನೂ ಇಲ್ಲ.

ವೀಣೆ ಎಂದೊಡನೆ ನಮಗೆ ನೆನಪಾಗುವ ಹೆಸರುಗಳಿವೆ. ಮೈಸೂರಿನ ಅರಮನೆಯ ವೀಣೆ ಶೇಷಣ್ಣ (1852-1926), ಅವರ ಪರಂಪರೆಯ ವೆಂಕಟಗಿರಿಯಪ್ಪ, ಆಮೇಲೆ ದೊರೆಸ್ವಾಮಿ ಅಯ್ಯಂಗಾರ್ (1920-1997). ಅವರ ಬೆರಳುಗಳ ಹಿಂದೆ ಯಾರದೋ ಕಿವಿ ಮೊದಲೇ ಆ ದಾರಿ ನಡೆದು ಬಂದಿತ್ತು. ಮೇಳ ಕಟ್ಟಿದವರ ಹೆಸರು ಕಛೇರಿಯ ಕರಪತ್ರದಲ್ಲಿ ಅಚ್ಚಾಗುವುದಿಲ್ಲ, ಧ್ವನಿಮುದ್ರಿಕೆಯ ಹೊದಿಕೆಯ ಮೇಲೂ ಇರುವುದಿಲ್ಲ. ಪಕ್ಕವಾದ್ಯದವರ ಹೆಸರಿನ ಕೆಳಗೆ ಒಂದು ಸಾಲು ಇವರಿಗೂ ಇರಬೇಕು. ಇದು ಉಪಕಾರದ ಮಾತಲ್ಲ, ಸಲ್ಲಬೇಕಾದ ಬಾಕಿ.

ಈ ಕೆಲಸ ಒಮ್ಮೆ ಮಾಡಿ ಮರೆಯುವಂಥದೂ ಅಲ್ಲ. ಮೇಣ ವರ್ಷ ಕಳೆದಂತೆ ಒಣಗುತ್ತದೆ, ಬಿರಿಯುತ್ತದೆ; ಸೆಕೆಗೆ ಮೆತ್ತಗಾಗಿ ಮೆಟ್ಟಿಲುಗಳು ಇಷ್ಟಿಷ್ಟೇ ಕುಸಿಯುತ್ತವೆ. ದಿನವೂ ನುಡಿಸುವ ವೀಣೆಗೆ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಮೇಳ ಕಟ್ಟಲೇಬೇಕು. ತಿರುಪು ತಿರುಗಿಸಿ ಮೆಟ್ಟಿಲು ಸರಿಸುವ ಹೊಸ ಪಟ್ಟಿಗಳು ಬಂದಿವೆ, ಫೋನಿನಲ್ಲೇ ಸ್ವರ ತೋರಿಸುವ ಆಪ್‌ಗಳಿವೆ. ಹುಡುಗನ ಜೇಬಿನಲ್ಲೂ ಅಂಥದೊಂದಿದೆ. ಷಡ್ಜ, ಪಂಚಮಕ್ಕೆ ಅದನ್ನು ನೋಡುತ್ತಾನೆ, ಗಾಂಧಾರಕ್ಕೆ ಮಾತ್ರ ದೊಡ್ಡಪ್ಪನ ಮುಖ ನೋಡುತ್ತಾನೆ.

ಮಧ್ಯಾಹ್ನ ವೀಣೆ ಒಯ್ಯಲು ಬಂದ ಸಂಗೀತದ ಮೇಷ್ಟರು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬಂದು ಕೂತರು. ಮೊದಲು ಸರಳೆ ವರಸೆ, ಎಲ್ಲ ಮೆಟ್ಟಿಲ ಮೇಲೂ ಬಿಡಿಬಿಡಿಯಾಗಿ. ಆಮೇಲೆ ಶಂಕರಾಭರಣದ ಒಂದು ಸುತ್ತು. ಮೇಲಿನ ಸ್ಥಾಯಿಗೆ ಹೋಗಿ ನಿಂತು, ಅಲ್ಲೇ ಮತ್ತೆರಡು ಸಲ ಮೀಟಿ, ತಲೆಯೆತ್ತಿದರು.

“ಹತ್ತೊಂಬತ್ತು ಒಂಚೂರು ಹೆಚ್ಚಾಗಿ ಕೇಳ್ತಿದೆಯಲ್ಲ ಯಜಮಾನ್ರೆ?”

ಹಿರಿಯರು ತಾರ ಪಂಚಮದ ಆ ಮೆಟ್ಟಿಲನ್ನು ತಾವೇ ಮೀಟಿ, ಏಳನೆಯದರ ಜೊತೆ ತೂಗಿ ನೋಡಿದರು.

“ಹೌದು ಸಾ, ನಿಮ್ ಬೆರಳು ಭಾರ ಐತೆ. ನಂದು ಹಗುರ. ಮಗಾ, ಕಬ್ಬಿಣ ಕಾಯಾಕಿಡು.”