ಅಣ್ಣನ ಮಗನಿಗೆ ಹೆಣ್ಣು ಕೊಡದವಳು ನಾನೇ

ಗುತ್ತಲಿನ ನಮ್ಮ ಬೀದಿಯಲ್ಲಿ ಸಂಜೆ ಐದರ ಮೇಲೆ ಹೆಂಗಸರ ಒಂದು ಸಭೆ ಸೇರುತ್ತದೆ. ಸಭೆ ಅಂದರೆ ದೊಡ್ಡದೇನಲ್ಲ. ಒಬ್ಬರು ಅವರೆಕಾಯಿ ಸುಲಿಯುತ್ತಿರುತ್ತಾರೆ, ಒಬ್ಬರು ಹೂ ಕಟ್ಟುತ್ತಿರುತ್ತಾರೆ, ಇನ್ನೊಬ್ಬರು ಮೊಮ್ಮಗುವಿನ ಬಾಯಿಗೆ ಅನ್ನ ಇಡಲು ಬೀದಿಯೆಲ್ಲ ಸುತ್ತುತ್ತಿರುತ್ತಾರೆ. ಮಂಡ್ಯ ಬೆಳೆದು ಗುತ್ತಲನ್ನು ಯಾವತ್ತೋ ತನ್ನೊಳಗೆ ಸೇರಿಸಿಕೊಂಡಿದೆ, ಆದರೂ ಈ ಜಗಲಿ ಮಾತು ಮಾತ್ರ ಇನ್ನೂ ಹಳ್ಳಿಯದೇ. ಕೆಲವು ವರ್ಷಗಳಿಂದ ಅಲ್ಲಿ ಯಾವ ಮಾತು ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಗಂಡಿಗೆ ಹೆಣ್ಣು ಸಿಕ್ತಿಲ್ಲ ಕಣಕ್ಕ."

ಪ್ರತಿಯೊಬ್ಬರದೂ ಒಂದೊಂದು ಅಭಿಪ್ರಾಯ. "ಈಗಿನ ಹುಡ್ಗೀರಿಗೆ ಬೆಂಗಳೂರೇ ಬೇಕು." "ಅತ್ತೆ ಮಾವ ಫೋಟೋದಲ್ಲಿರ್ಬೇಕು, ಜಮೀನು ಇರ್ಬೇಕು, ಆದ್ರೆ ಗಂಡ ಜಮೀನಿಗೆ ಇಳೀಬಾರ್ದು." ಎಲ್ಲರಿಗಿಂತ ಗಟ್ಟಿ ಗಂಟಲು ನನ್ನದಾಗಿತ್ತು. "ನಾವೆಲ್ಲ ಸಗಣಿ ಬಾಚ್ಲಿಲ್ವಾ? ಬಾಚಿ ಸತ್ತೋದ್ವಾ?" ಅನ್ನುತ್ತಿದ್ದೆ. ಎಲ್ಲರೂ ಹೌದೌದು ಅಂತ ತಲೆಯಾಡಿಸುತ್ತಿದ್ದರು. ಮಾತಾಡಿ ಎದ್ದಾಗ ಏನೋ ಸಮಾಧಾನ.

ವಿಷಯಕ್ಕೇನೂ ಬರವಿರಲಿಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗರ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳು ಬಂದಿದ್ದರೆ ಹೆಣ್ಣುಗಳು ಇನ್ನೂರೈವತ್ತರ ಆಸುಪಾಸು ಅಂತ ಪೇಪರಿನಲ್ಲಿ ಬಂತು. ಮೂರು ತಿಂಗಳಿಗೆ, 2023ರ ಫೆಬ್ರವರಿಯಲ್ಲಿ, ನಮ್ಮ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ಹುಡುಗರೆಲ್ಲ ಸೇರಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಕೊಂಡೇ ಹೋದರು. 'ಬ್ರಹ್ಮಚಾರಿಗಳ ಪಾದಯಾತ್ರೆ' ಅಂತ ಟಿ.ವಿ.ಯವರು ತೋರಿಸಿದ್ದೇ ತೋರಿಸಿದ್ದು. ಅದೇ ವರ್ಷದ ಚುನಾವಣೆಯಲ್ಲಿ ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣಿಗೆ ಎರಡು ಲಕ್ಷ ರೂಪಾಯಿ ಕೊಡುತ್ತೇವೆ ಅಂತ ಜೆಡಿಎಸ್ ಪಕ್ಷದವರು ಭರವಸೆ ಕೊಟ್ಟರು. ನಮ್ಮ ಬೀದಿಯ ಅಜ್ಜಿಯೊಬ್ಬರು, "ಎಲ್ಡು ಲಕ್ಸಕ್ಕೆ ಒಂದ್ ಜೊತೆ ಸೀಮೆಹಸ ಬತ್ತವೆ ಬುಡು" ಅಂದಿದ್ದಕ್ಕೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆ ಪಾದಯಾತ್ರೆಯಲ್ಲಿ ನನ್ನಣ್ಣನ ಮಗನೂ ಇದ್ದ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಣ್ಣನ ಮನೆಯೂ ಮದ್ದೂರು ತಾಲ್ಲೂಕಿನಲ್ಲೇ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಎರಡೂವರೆ ಎಕರೆ, ಮೂರು ಹಸು, ಸ್ವಲ್ಪ ತೆಂಗು. ಹುಡುಗ ಪಿಯುಸಿ ಮುಗಿಸಿ ಜಮೀನು ಹಿಡಿದ. ಕುಡಿತವಿಲ್ಲ, ಇಸ್ಪೀಟಿಲ್ಲ. ಬೆಳಗ್ಗೆ ಐದೂವರೆಗೇ ಡೇರಿಗೆ ಹಾಲು ಹಾಕಿ ಬಂದಿರುತ್ತಾನೆ. ಅವನಿಗೆ ಒಂದಲ್ಲ ಎರಡಲ್ಲ, ಹದಿನೇಳು ಹೆಣ್ಣು ನೋಡಿದ್ದಾರೆ. ನೋಡಿದ್ದಾರೆ ಅನ್ನುವುದಕ್ಕಿಂತ ಹೆಣ್ಣಿನ ಕಡೆಯವರು ಬಂದು ಮನೆ, ಕೊಟ್ಟಿಗೆ, ಬಚ್ಚಲು ನೋಡಿಕೊಂಡು ಹೋಗಿದ್ದಾರೆ ಅನ್ನಬೇಕು. ಕಾಫಿ ಕುಡಿದು ಹೋದವರು ಫೋನು ಮಾಡುವುದಿಲ್ಲ. ಈಗ ಅವನಿಗೆ ಮೂವತ್ತೆರಡು.

ಎರಡು ವರ್ಷದ ಹಿಂದೆ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಅಣ್ಣ ಒಬ್ಬನೇ ಬಂದ. ಕೈಯಲ್ಲಿ ಬಾಳೆಗೊನೆ, ಚೀಲದಲ್ಲಿ ಅಚ್ಚು ಬೆಲ್ಲ. ಊಟ ಆಯಿತು. ಎಲೆಅಡಿಕೆ ಹಾಕಿಕೊಂಡ. ಆಮೇಲೆ ನನ್ನ ಮುಖ ನೋಡದೆ, ನೆಲ ನೋಡಿಕೊಂಡು ಹೇಳಿದ: "ನೋಡವ್ವ, ಹೊರಗೆಲ್ಲ ತಿರ್ಗಿ ಸಾಕಾಯ್ತು. ಸೋದರದಲ್ಲಿ ಕೇಳಾದು ನಮ್ಮಲ್ಲಿ ಇದ್ದದ್ದೇ ಅಲ್ವಾ? ನಿನ್ ಮಗಳನ್ನ ನಮ್ ಹುಡುಗುಂಗೆ ಕೊಟ್ಬುಡು."

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಅಣ್ಣ, ಅವ್ಳು ಬಿ.ಇ. ಓದವ್ಳೆ, ಬೆಂಗಳೂರಲ್ಲಿ ಕೆಲ್ಸ. ಅಲ್ಲಿಗೆ ಬಂದು ಹೆಂಗಿರ್ತಾಳೆ?" ಅಂದುಬಿಟ್ಟೆ. ಅಣ್ಣ "ಆಯ್ತು ಬುಡು" ಅಂದ. ಚಪ್ಪಲಿ ಮೆಟ್ಟುವಾಗ ಒಮ್ಮೆ ತಿರುಗಿ, "ಬೇಜಾರಿಲ್ಲ ಕಣವ್ವ" ಅಂದು ಹೋದ.

ಅವತ್ತು ಸಂಜೆ ನಾನು ಜಗಲಿಗೆ ಹೋಗಲಿಲ್ಲ.

ನನಗೆ ಕಾರಣಗಳಿರಲಿಲ್ಲವೇ? ಇದ್ದವು. ಕಬ್ಬು ಕೈಗೆ ಬರಲು ವರ್ಷ ಬೇಕು, ಕಟಾವಿಗೆ ಸರದಿ ಕಾಯಬೇಕು, ಕಡಿದ ಮೇಲೆ ದುಡ್ಡಿಗೆ ಕಾಯಬೇಕು. ಕಟ್ಟೆ ತುಂಬದ ವರ್ಷ ನಾಲೆಗೆ ನೀರೇ ಇಲ್ಲ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಮೇಲಿಂದ ಮೇಲೆ ಬರುತ್ತಿದ್ದಾಗ ದಿನಾ ರಾತ್ರಿ ಅಣ್ಣನಿಗೆ ಫೋನು ಮಾಡಿ, ಏನೂ ಇಲ್ಲದಿದ್ದರೂ "ಊಟ ಆಯ್ತಾ" ಅಂತ ಕೇಳುತ್ತಿದ್ದವಳು ನಾನು. ಆ ಮನೆಗೆ ಮಗಳನ್ನು ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಸರಿ. ಆದರೆ ಇದೇ ಮಾತನ್ನು ಬೇರೆ ತಾಯಂದಿರು ಆಡಿದಾಗ ನಾನು ಅವರನ್ನು ದುರಾಸೆಯವರು ಅಂದಿದ್ದೆನಲ್ಲ!

ಮಗಳಿಗೆ ವಿಷಯ ತಿಳಿದಾಗ ಅವಳು ಸಿಟ್ಟಾಗಿದ್ದು ನಾನು ಅಂದುಕೊಂಡ ಕಾರಣಕ್ಕಲ್ಲ. "ನನ್ನನ್ನ ಒಂದ್ ಮಾತು ಕೇಳ್ದೆ ನೀನೇ ಹೇಳಿ ಕಳಿಸ್ದಾ?" ಅಂದಳು. "ಕೇಳಿದ್ರೆ ಹೂಂ ಅಂತಿದ್ಯಾ?" ಅಂದೆ. "ಇಲ್ಲ. ಆದ್ರೆ ಸಗಣಿಗೆ ಹೆದರಿ ಅಲ್ಲ. ಮೂವತ್ತೈದು ವರ್ಷದಿಂದ ಅತ್ತೆ ಆ ಗದ್ದೇಲಿ ಬಗ್ಗಿ ಕೆಲ್ಸ ಮಾಡವ್ರೆ. ಪಹಣೀಲಿ ಅವ್ರ ಹೆಸರಿದ್ಯಾ? ಹಾಲಿನ ದುಡ್ಡು ಯಾರ ಅಕೌಂಟಿಗೆ ಬೀಳುತ್ತೆ ಕೇಳು. ಅದನ್ನ ನೋಡ್ಕೊಂಡೇ ಬೆಳೆದ ನಾನು ಹೆಂಗಮ್ಮ ಹೋಗ್ಲಿ?" ನಮ್ಮ ಬೀದಿಯ ಸಭೆಯಲ್ಲಿ ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ.

ಆದರೆ ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಅತ್ತಿಗೆಯ ಮಾತು. ವಾರ ಕಳೆದ ಮೇಲೆ ನಾನೇ ಫೋನು ಮಾಡಿ ಏನೇನೋ ಸಮಜಾಯಿಷಿ ಹೇಳತೊಡಗಿದೆ. ಅವರು ಮಧ್ಯದಲ್ಲೇ ತಡೆದು, "ನಿಂದೇನು ತೆಪ್ಪಿಲ್ಲ ಕಣವ್ವ. ಅವತ್ತು ನಾವು ಒಂದುನ್ನ ಬ್ಯಾಡ ಅಂದಿರ್ಲಿಲ್ವಾ" ಅಂದರು.

ಅವತ್ತು ಅಂದರೆ 1991. ನಾನು ಮದುವೆಯಾಗಿ ಗುತ್ತಲಿಗೆ ಬಂದು ಎರಡು ವರ್ಷವಾಗಿತ್ತು. ಅತ್ತಿಗೆಗೆ ಮೊದಲನೆಯದು ಹೆಣ್ಣು. ಎರಡನೆಯದು ನಿಂತಾಗ ನಮ್ಮವ್ವನೇ ಅವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಪೇಟೆಯಲ್ಲಿ ಸ್ಕ್ಯಾನಿಂಗ್ ಮಾಡಿ ಹೇಳುತ್ತಾರೆ ಅಂತ ಯಾರೋ ಹೇಳಿದ್ದರಂತೆ. ಜೊತೆಗೆ ಹೋದವಳು ನಾನು. ಬೆಂಚಿನ ಮೇಲೆ ಕುಳಿತು ಅತ್ತಿಗೆಯ ಬ್ಯಾಗು, ಚಪ್ಪಲಿ ಕಾಯುತ್ತಿದ್ದೆ. ಮಾರನೇ ದಿನ ಇನ್ನೊಂದು ಕಡೆ ಹೋದೆವು, ಆಗಲೂ ನಾನೇ ಬ್ಯಾಗು ಹಿಡಿದಿದ್ದೆ. ಮೂರು ದಿನ ಅವರು ನಮ್ಮ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬಿಸಿನೀರು ಕಾಯಿಸಿ ಕೊಟ್ಟೆ, ಗಂಜಿ ಕೊಟ್ಟೆ. ಒಂದು ಮಾತು ಕೇಳಲಿಲ್ಲ. ಅದರ ಮುಂದಿನದು ಗಂಡಾಯಿತು, ಈ ಹುಡುಗ. ಊರಿಗೆಲ್ಲ ಸಿಹಿ ಹಂಚಿದರು. ನಾನೂ ತಿಂದೆ.

ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ಬಂದದ್ದು 1994ರಲ್ಲಿ. ಬಂದ ಮೇಲೆ ನಿಂತಿತೇ? 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948, ನಮ್ಮ ಮಂಡ್ಯ ಜಿಲ್ಲೆಯಲ್ಲಿ ಅದಕ್ಕಿಂತಲೂ ಕಡಿಮೆ. ಹುಡುಗರು ಬೆಟ್ಟಕ್ಕೆ ನಡೆದ ಅದೇ 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಈ ಕೆಲಸ ನಡೆಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಪತ್ತೆ ಮಾಡಿದರು. ಬೆಲ್ಲ ಬೇಯಿಸುವ ಜಾಗ! ಆ ಸುದ್ದಿ ಬಂದ ದಿನ ನಮ್ಮ ಬೀದಿಯಲ್ಲಿ ಎಲ್ಲರೂ ಆ ಪಾಪಿಗಳನ್ನು ಶಪಿಸಿದರು. ಅಲ್ಲಿಗೆ ಹೋದ ಹೆಂಗಸರ ಜೊತೆ ಬ್ಯಾಗು ಹಿಡಿದುಕೊಂಡು ಹೋದವರು ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆ ಮಗು ಉಳಿದಿದ್ದರೆ ನಮ್ಮ ಹುಡುಗನಿಗೆ ಅಕ್ಕ ಆಗುತ್ತಿತ್ತು, ಹೆಂಡತಿಯಲ್ಲ, ಗೊತ್ತು. ಆದರೆ ಯಾರದೋ ಮನೆಗೆ ಸೊಸೆಯಾಗಿ ಹೋಗುತ್ತಿತ್ತು. ಆ ಯಾರದೋ ಮನೆಯವರೂ ನಮ್ಮ ಹಾಗೇ ಮಾಡಿದ್ದರೆ ನಮ್ಮ ಮನೆಗೆ ಬರಬೇಕಾದವಳು ಅಲ್ಲೇ ಹೋದಳು. ರಾತ್ರಿ ನಿದ್ದೆ ಬಾರದಾಗ ಈ ಲೆಕ್ಕ ಹಾಕುತ್ತಾ ಮಲಗಿರುತ್ತೇನೆ.

ಕಳೆದ ತಿಂಗಳು ಹುಡುಗ ಮಂಡ್ಯಕ್ಕೆ ಗೊಬ್ಬರ ತರಲು ಬಂದವನು ಮನೆಗೆ ಬಂದ. ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ಕೈ ತೊಳೆಯುವಾಗ ಹೇಳಿದ: "ಅತ್ತೆ, ನಿಮ್ ಕಡೆ ಯಾರಾದ್ರೂ ಇದ್ರೆ ನೋಡಿ. ಗಂಡ ಇಲ್ದೋರಾದ್ರೂ ಸರಿ, ಬಿಟ್ಟೋರಾದ್ರೂ ಸರಿ. ನಂಗೆ ಮಾತಾಡಕ್ಕೊಬ್ರು ಬೇಕು." ಅವನ ಬಾಯಲ್ಲಿ ಈ ಮಾತು ಬರಲು ಎಷ್ಟು ದಿನ ಬೇಕಾಯಿತೋ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬಳಿದ್ದಾಳೆ. ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಗಂಡ ಅಪಘಾತದಲ್ಲಿ ತೀರಿಕೊಂಡು ನಾಲ್ಕು ವರ್ಷ. ನಾನೇ ಹೋಗಿ ಕೇಳಿದೆ. ಈ ಸಲ ಮೊದಲು ಅವಳನ್ನೇ ಕೇಳಿದೆ, ಆಮೇಲೆ ಅವಳವ್ವನನ್ನು. ಅವಳು ತಟ್ಟನೆ ಒಪ್ಪಲೂ ಇಲ್ಲ, ಒಲ್ಲೆ ಅನ್ನಲೂ ಇಲ್ಲ. "ಅಲ್ಲಿ ನನ್ ಹೆಸರಿಗೆ ಏನಾದ್ರೂ ಮಾಡ್ತಾರಾ ಅಕ್ಕ?" ಅಂತ ಕೇಳಿದಳು. ಅಣ್ಣನಿಗೆ ಅದನ್ನು ಹಾಗೇ ಮುಟ್ಟಿಸಿದೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.

ಉತ್ತರ ಕೊಟ್ಟದ್ದು ಅತ್ತಿಗೆ. ಮೊನ್ನೆ ರಾತ್ರಿ ಫೋನು ಮಾಡಿ, "ಬ್ಯಾಸ್ತವಾರ ಕರ್ಕಬಾ, ಬಂದು ಮನೆ ನೋಡ್ಲಿ" ಅಂದರು. ಆಮೇಲೆ ಮೆಲ್ಲಗೆ, "ಮಗು ಐತಂತಲ್ಲ, ಯಾವ್ ಮಗು?"

"ಹೆಣ್ಣು ಅತ್ತಿಗೆ. ಆರು ವರ್ಷ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಅದ್ನೂ ಕರ್ಕಬಾ," ಅಂದರು.