ನಿಮಗಿದು ಗೊತ್ತೇ? ಅಂದದ ಅಳತೆಪಟ್ಟಿಯ ಅಚ್ಚರಿಗಳು

ಫಿಜಿ ದ್ವೀಪಗಳಲ್ಲಿ ಒಂದು ಕಾಲಕ್ಕೆ ಮೈಕೈ ತುಂಬಿಕೊಂಡ ಹುಡುಗಿಯೇ ಚೆಲುವೆ. ಯಾರಾದರೂ ಸೊರಗಿದರೆ ನೆಂಟರಿಷ್ಟರಿಗೆಲ್ಲ ಚಿಂತೆ! ಇನ್ನೊಂದಿಷ್ಟು ತಿನ್ನು ಎಂಬ ಒತ್ತಾಯ ಬೇರೆ. ನಮ್ಮ ಅಜ್ಜಿಯಂದಿರು ಅಲ್ಲಿಗೆ ಹೋಗಿದ್ದರೆ ಸಲೀಸಾಗಿ ಹೊಂದಿಕೊಳ್ಳುತ್ತಿದ್ದರು ಬಿಡಿ!

1995ರಲ್ಲಿ ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟೀವಿ ಬಂತು. ತೆರೆಯ ತುಂಬ ಅಮೆರಿಕದ ಧಾರಾವಾಹಿಗಳ ತೆಳ್ಳನೆಯ ನಾಯಕಿಯರು. ಹಾರ್ವರ್ಡ್‌ನ ಸಂಶೋಧಕಿ ಆನ್ ಬೆಕರ್ ಮತ್ತು ಸಂಗಡಿಗರು ಟೀವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಅಲ್ಲಿನ ಶಾಲಾ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲೆಂದು ಬೇಕಂತಲೇ ವಾಂತಿ ಮಾಡಿಕೊಳ್ಳುತ್ತಿದ್ದವರು ಮೊದಲ ಸಲ ಎಷ್ಟು ಜನ? ಸೊನ್ನೆ! ಮೂರೇ ವರ್ಷ ಕಳೆದ ಮೇಲೆ? 100ಕ್ಕೆ 11 ಮಂದಿ! ತಾನು ದಪ್ಪ ಎಂದು ಆಗಾಗ ಅನ್ನಿಸುತ್ತದೆ ಅಂದವರು 100ಕ್ಕೆ 74. ಇದಕ್ಕೆ ಟೀವಿಯೊಂದೇ ಕಾರಣ ಅಂತ ಅಳೆದು ತೂಗಿ ಹೇಳುವುದು ಕಷ್ಟ. ಆದರೆ ಟೀವಿಯ ಹೆಸರೆತ್ತಿದ್ದು ಹುಡುಗಿಯರೇ!

ತೆಳ್ಳಗಿರುವುದೇ ಯಾವಾಗಲೂ ಫ್ಯಾಷನ್ ಅಂದುಕೊಂಡಿರಾ? 1930ರ ದಶಕದ ಅಮೆರಿಕದ ಪತ್ರಿಕೆಗಳನ್ನು ತಿರುವಿ. ಸಣಕಲು ಹುಡುಗಿಯರಿಗೆ ದಪ್ಪಗಾಗುವ ಮಾತ್ರೆಯ ಜಾಹೀರಾತು! ಅಂದೂ ಮಾತ್ರೆ, ಇಂದೂ ಮಾತ್ರೆ. ತಕ್ಕಡಿಯ ಮುಳ್ಳು ಮಾತ್ರ ಆ ಕಡೆಯಿಂದ ಈ ಕಡೆಗೆ!

1965ರಲ್ಲಿ ಒಂದು ಬಾರ್ಬಿ ಗೊಂಬೆ ಬಂತು. ಅದರ ಜೊತೆಗೆ ಪುಟಾಣಿ ತಕ್ಕಡಿ. ಮುಳ್ಳು 110 ಪೌಂಡಿನಲ್ಲೇ, ಅಂದರೆ ಸುಮಾರು 50 ಕಿಲೋದಲ್ಲೇ ನಿಂತುಬಿಟ್ಟಿದೆ! ತೂಕ ಇಳಿಸುವ ಪುಟ್ಟ ಪುಸ್ತಕವೂ ಉಂಟು. ಅದರ ಉಪದೇಶವೇನು ಗೊತ್ತೇ? ಊಟ ಬಿಡುವುದು! ಆಡುವ ವಯಸ್ಸಿನ ಮಕ್ಕಳಿಗೆ!

ಇನ್ನೊಂದು ಕೇಳಿ. ಅಮೆರಿಕದಲ್ಲಿ ಸುಮಾರು 15,000 ಯುವತಿಯರ ಅಳತೆಯ ಸರಾಸರಿ ತೆಗೆದು ‘ನಾರ್ಮಾ’ ಎಂಬ ಪ್ರತಿಮೆ ಕಡೆದರು. ಇವಳೇ ಆದರ್ಶ ಹೆಣ್ಣು ಅಂದರು. 1945ರಲ್ಲಿ ಕ್ಲೀವ್‌ಲ್ಯಾಂಡ್‌ನ ಪತ್ರಿಕೆಯೊಂದು ಸ್ಪರ್ಧೆಯನ್ನೇ ಇಟ್ಟಿತು: ನಾರ್ಮಾಳಂತೆ ಇರುವವರು ಯಾರು? ಅಳತೆ ಕಳಿಸಿದವರು 3,864 ಹೆಂಗಸರು. ನೋಡಬೇಕಿದ್ದದ್ದು ಒಂಬತ್ತು ಅಳತೆ. ಒಂಬತ್ತಕ್ಕೆ ಒಂಬತ್ತೂ ಹೊಂದಿದವರು ಎಷ್ಟು ಮಂದಿ? ಒಬ್ಬರೂ ಇಲ್ಲ! ಐದು ಅಳತೆ ಕೂಡಿಬಂದವರೇ 40 ಮಂದಿ ಇರಲಿಲ್ಲ. ಬಹುಮಾನ ಗೆದ್ದವಳೂ ನಾರ್ಮಾ ಆಗಿರಲಿಲ್ಲ! ಎಲ್ಲರ ಸರಾಸರಿಯಂತೆ, ಆದರೆ ಯಾರ ಮೈಯೂ ಅಲ್ಲ. ಹೇಗಿದೆ ತಮಾಷೆ!

ಜಪಾನಿನಲ್ಲಿ ಹಲ್ಲಿಗೆ ಕಪ್ಪು ಬಣ್ಣ ಬಳಿದುಕೊಳ್ಳುವುದೇ ನೂರಾರು ವರ್ಷ ಅಂದವಾಗಿತ್ತು. 1873ರಲ್ಲಿ ಮಹಾರಾಣಿಯೇ ಬಿಳಿ ಹಲ್ಲು ತೋರಿಸಿದಳು. ಪದ್ಧತಿ ಮೆಲ್ಲಗೆ ಮೂಲೆ ಸೇರಿತು!

19ನೇ ಶತಮಾನದ ಇರಾನಿನ ಅರಮನೆಗಳಲ್ಲಂತೂ ಹೆಣ್ಣಿನ ತೆಳು ಮೀಸೆಗೇ ಬೆಲೆ. ಇಲ್ಲದವರು ಕಾಡಿಗೆಯಂಥ ಬಣ್ಣದಲ್ಲಿ ತೀಡಿಕೊಳ್ಳುತ್ತಿದ್ದರು! (ಮೀಸೆಯ ರಾಜಕುಮಾರಿಗಾಗಿ 13 ಗಂಡಸರು ಪ್ರಾಣ ಬಿಟ್ಟರು ಎಂಬ ವಾಟ್ಸಾಪ್ ಕತೆಯನ್ನು ಮಾತ್ರ ನಂಬಬೇಡಿ.)

ನಮ್ಮ ಬೆಂಗಳೂರಿಗೂ ಒಂದು ಪಾಲಿದೆ! 1996ರ ವಿಶ್ವ ಸುಂದರಿ ಸ್ಪರ್ಧೆ ನಡೆದದ್ದು ಇಲ್ಲೇ. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಈಜುಡುಗೆಯ ಸುತ್ತು ಸಮುದ್ರ ದಾಟಿ ಸೇಶೆಲ್ಸ್ ದ್ವೀಪಕ್ಕೆ ಹೋಯಿತು. ಕಿರೀಟ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಈಜುಡುಗೆ ಇನ್ನೊಂದು ದೇಶದಲ್ಲಿ!

‘ಫೇರ್ ಆ್ಯಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಅದು ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಮುಖ ಬೆಳ್ಳಗಾಯಿತೋ ಇಲ್ಲವೋ, ಹೆಸರಂತೂ ಬದಲಾಯಿತು!

ಕ್ಯಾಮೆರಾಕ್ಕೂ ಬಿಳಿಯ ಮೋಹವಿತ್ತು! ಕೊಡಕ್ ಕಂಪನಿ ಬಣ್ಣ ಹೊಂದಿಸಲು ‘ಶರ್ಲಿ ಕಾರ್ಡ್’ ಕೊಡುತ್ತಿತ್ತು. ಅದರಲ್ಲಿದ್ದದ್ದು ಬಿಳಿ ಹೆಣ್ಣಿನ ಚಿತ್ರ. ಕಪ್ಪು ಮೈಯವರು ಫೋಟೋದಲ್ಲಿ ಮಸಿಯಾಗುತ್ತಿದ್ದರು. ಕಂದು ಬಣ್ಣ ಸರಿಯಾಗಿ ಮೂಡಬೇಕೆಂದು ಪಟ್ಟು ಹಿಡಿದವರು ಯಾರು? ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರು! ಇದನ್ನು ಹೇಳಿದ್ದು ಕೊಡಕ್‌ನಲ್ಲಿ ಕೆಲಸ ಮಾಡಿದವರೇ. ನಗಬೇಕೋ ಅಳಬೇಕೋ!

2011ರಲ್ಲಿ ಎಚ್ ಆ್ಯಂಡ್ ಎಂ ಎಂಬ ಬಟ್ಟೆ ಕಂಪನಿ ಒಂದು ಗುಟ್ಟು ಒಪ್ಪಿಕೊಂಡಿತು. ಅದರ ಕೆಲವು ಚಿತ್ರಗಳಲ್ಲಿ ತಲೆ ಮಾತ್ರ ರೂಪದರ್ಶಿಯದು, ಮೈ ಕಂಪ್ಯೂಟರಿನದು!

ಫ್ರಾನ್ಸಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. ಜಾಹೀರಾತಿನ ಚಿತ್ರದಲ್ಲಿ ರೂಪದರ್ಶಿಯ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದ್ದರೆ ‘ತಿದ್ದಿದ ಚಿತ್ರ’ ಎಂದು ಬರೆಯಲೇಬೇಕು. 2017ರ ಅಕ್ಟೋಬರ್‌ನಿಂದ ಜಾರಿ. ತಪ್ಪಿದರೆ ದಂಡ 37,500 ಯೂರೋ! ಅಲ್ಲಿನ ಪತ್ರಿಕೆ ಕೈಗೆ ಸಿಕ್ಕರೆ ಮೊದಲು ಸುಂದರಿಯನ್ನು ನೋಡಬೇಡಿ, ಪಕ್ಕದ ಸಣ್ಣ ಅಕ್ಷರ ಓದಿ!