ಗಿಟಾರ್ ಪೆಡಲ್ಲಿಗೆ ಯಾವ ಅಡಾಪ್ಟರ್?

ನನ್ನ ಅಕ್ಕನ ಮಗ ಒಂದು ಡಿಲೇ ಪೆಡಲ್ ಕೊಂಡಿದ್ದ. ಪದವಿ ಓದುತ್ತಿರುವ ಹುಡುಗ. ಭಾನುವಾರಗಳಲ್ಲಿ ಮಕ್ಕಳಿಗೆ ಗಿಟಾರ್ ಪಾಠ ಹೇಳಿ ಎಂಟು ತಿಂಗಳು ಕೂಡಿಟ್ಟ ಹಣ ಅದಕ್ಕೆ ಹೋಯಿತು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ ಇದು. ನುಡಿಸಿದ ಸ್ವರವನ್ನು ಹಿಡಿದಿಟ್ಟು, ತುಸು ತಡವಾಗಿ ಪ್ರತಿಧ್ವನಿಯಂತೆ ಮರಳಿ ಕೊಡುವುದು ಅದರ ಕೆಲಸ. ಕಾಲೇಜಿನ ಉತ್ಸವದ ದಿನ ಅವನು ಅಡಾಪ್ಟರನ್ನು ಮನೆಯಲ್ಲೇ ಮರೆತು ಹೋದ. ಗೆಳೆಯನೊಬ್ಬ ಹಾಸ್ಟೆಲಿಗೆ ಓಡಿ ಇಂಟರ್ನೆಟ್ ರೌಟರಿನ ಅಡಾಪ್ಟರನ್ನು ತಂದುಕೊಟ್ಟ. ಪಿನ್ನು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸ್ವಿಚ್ ಹಾಕಿದ ಮರುಕ್ಷಣ ಸುಟ್ಟ ವಾಸನೆ. ಮರುದಿನ ಅವನು ಬಂದು, "ಪಿನ್ನು ಸರಿಯಾಗಿಯೇ ಕೂತಿತ್ತಲ್ಲ ಮಾವ?" ಎಂದು ಕೇಳಿದ.

ಪ್ರಶ್ನೆ ನ್ಯಾಯವಾದದ್ದೇ. ಗೋಡೆಯ ಪ್ಲಗ್ಗಿನ ವಿಷಯದಲ್ಲಿ ಆಕಾರ ಹೊಂದಿದರೆ ಸಾಮಾನ್ಯವಾಗಿ ಎಲ್ಲವೂ ಹೊಂದಿದಂತೆ. ಅಡಾಪ್ಟರಿನ ತುದಿಯ ದುಂಡು ಪಿನ್ನಿಗೆ ಆ ಶಿಸ್ತು ಇಲ್ಲ. ಹೊರಗಿನ ಅಗಲ 5.5 ಮಿಲಿಮೀಟರ್, ನಡುವಿನ ರಂಧ್ರ 2.1 ಮಿಲಿಮೀಟರ್ ಇರುವ ಒಂದೇ ಪಿನ್ನು ರೌಟರಿಗೂ ಬರುತ್ತದೆ, ಪೆಡಲ್ಲಿಗೂ ಬರುತ್ತದೆ. ಅದರೊಳಗೆ ಹರಿಯುವುದು ಮಾತ್ರ ಬೇರೆ ಬೇರೆ. ಅದನ್ನು ತಿಳಿಸುವುದು ಅಡಾಪ್ಟರಿನ ಬೆನ್ನಿಗೆ ಅಂಟಿಸಿರುವ ಚೀಟಿ. ಚೀಟಿ ಓದುವ ವಿದ್ಯೆಯನ್ನು ಕಿವಿಯಿಂದ ಕೇಳಿದರೆ ಸಾಲದು; ಈ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಮನೆಯಲ್ಲಿರುವ ಎರಡು ಮೂರು ಅಡಾಪ್ಟರುಗಳನ್ನು ಕೈಗೆತ್ತಿಕೊಳ್ಳಿ.

ಚೀಟಿಯಲ್ಲಿ 'ಔಟ್‌ಪುಟ್' ಎಂದಿರುವ ಸಾಲನ್ನು ನೋಡಿ. ಮೊದಲು ಸಿಗುವುದು ವೋಲ್ಟೇಜು. ಬಹುಪಾಲು ಪೆಡಲ್ಲುಗಳಿಗೆ ಬೇಕಾದದ್ದು 9 ವೋಲ್ಟ್, ಅಂದರೆ ಸಣ್ಣ ಚೌಕ ಬ್ಯಾಟರಿಯಷ್ಟು. ಪೆಡಲ್ಲುಗಳು ಹುಟ್ಟಿದ್ದೇ ಆ ಬ್ಯಾಟರಿಯ ಮೇಲೆ. ಅಡಾಪ್ಟರ್ ಆಮೇಲೆ ಬಂದ ಅನುಕೂಲ. 9 ಬೇಕಾದಲ್ಲಿ 12 ಕೊಟ್ಟರೆ ಕೆಲವು ಪೆಡಲ್ಲುಗಳು ತಾಳಿಕೊಳ್ಳುತ್ತವೆ, ಕೆಲವು ತಾಳುವುದಿಲ್ಲ. ಕ್ಲಾನ್ ಸೆಂಟಾರ್ ಎಂಬ ಹೆಸರಾದ ಪೆಡಲ್ಲಿನಲ್ಲಿ ವೋಲ್ಟೇಜನ್ನು ಒಳಗೇ ಇಮ್ಮಡಿಗೊಳಿಸುವ ಮ್ಯಾಕ್ಸ್ 1044 ಎಂಬ ಚಿಪ್ಪಿದೆ. ಅದರ ಮಿತಿಯೇ 10 ವೋಲ್ಟಿನ ಆಸುಪಾಸು. ಅದಕ್ಕೆ 12 ವೋಲ್ಟ್ ಉಣಿಸಿದರೆ ಚಿಪ್ಪಿನ ಆಯಸ್ಸು ಅಲ್ಲಿಗೆ ಮುಗಿಯಬಹುದು. ಪೆಡಲ್ಲಿನ ಮೇಲೆ '9ರಿಂದ 18 ವೋಲ್ಟ್' ಎಂದು ತಯಾರಕರೇ ಬರೆದಿದ್ದರೆ ಮಾತ್ರ ಮೇಲಕ್ಕೆ ಹೋಗಿ.

ವೋಲ್ಟೇಜಿನ ಪಕ್ಕದಲ್ಲೇ ಡಿ.ಸಿ. ಅಥವಾ ಎ.ಸಿ. ಎಂಬ ಅಕ್ಷರಗಳಿರುತ್ತವೆ, ಅಕ್ಷರ ಇಲ್ಲದಿದ್ದರೆ ನೇರ ಗೆರೆ ಮತ್ತು ಅದರಡಿಯಲ್ಲಿ ಚುಕ್ಕೆಗೆರೆ ಡಿ.ಸಿ.ಗೆ, ಅಲೆಯ ಗುರುತು ಎ.ಸಿ.ಗೆ. ಬಹುತೇಕ ಪೆಡಲ್ಲುಗಳು ಡಿ.ಸಿ. ಬಯಸುತ್ತವೆ. ಆದರೆ ಲೈನ್ 6 ಸಂಸ್ಥೆಯ ಹಸಿರು ಬಣ್ಣದ ಡಿ.ಎಲ್.4 ಡಿಲೇ, ಡಿಜಿಟೆಕ್ ವ್ಯಾಮಿಯ ಹಳೆಯ ಮಾದರಿಗಳು 9 ವೋಲ್ಟ್ ಎ.ಸಿ.ಯಲ್ಲಿ ನಡೆಯುವಂಥವು. ಇಂಥದರ ಅಡಾಪ್ಟರನ್ನು ಪಕ್ಕದ ಪೆಡಲ್ಲಿಗೆ ಚುಚ್ಚಿದರೆ ಸಂಖ್ಯೆ ಸರಿಯಿದ್ದೂ ಅನಾಹುತ ಆಗುತ್ತದೆ.

ಮೂರನೆಯದು ಧ್ರುವತೆ. ಅಕ್ಕನ ಮಗ ಸೋತದ್ದು ಮುಖ್ಯವಾಗಿ ಇಲ್ಲಿಯೇ. ಚೀಟಿಯಲ್ಲಿ ನಡುವೆ ಒಂದು ಚುಕ್ಕೆ, ಅದರ ಸುತ್ತ ಬಾಯಿ ತೆರೆದ ಉಂಗುರ, ಎರಡರಿಂದಲೂ ಹೊರಡುವ ಗೆರೆಗಳ ತುದಿಯಲ್ಲಿ ಒಂದು ಅಧಿಕ ಚಿಹ್ನೆ, ಒಂದು ಋಣ ಚಿಹ್ನೆ ಇರುವ ಚಿತ್ರವನ್ನು ಹುಡುಕಿ. ಚುಕ್ಕೆಯ ಗೆರೆ ಋಣ ಚಿಹ್ನೆಗೆ ಹೋಗಿದ್ದರೆ ಪಿನ್ನಿನ ನಡುಭಾಗ ಋಣ. ಬಾಸ್ ಸಂಸ್ಥೆ 1977ರಲ್ಲಿ ಹೊರತಂದ ಚಿಕ್ಕ ಪೆಡಲ್ಲುಗಳಿಂದ ಮೊದಲ್ಗೊಂಡು ಹೆಚ್ಚಿನ ಪೆಡಲ್ಲುಗಳಲ್ಲಿ ನಡುಭಾಗ ಋಣವಾಗಿರುವುದೇ ವಾಡಿಕೆ. ರೌಟರ್, ಕೀಬೋರ್ಡ್ ಮುಂತಾದ ಮನೆಯ ಉಪಕರಣಗಳಲ್ಲಿ ಹೆಚ್ಚಾಗಿ ನಡುಭಾಗ ಧನ.

ಈ ತಿರುವುಮುರುವು ಏಕೆ? ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ. ಅಡಾಪ್ಟರ್ ಚುಚ್ಚಿದಾಗ ಒಳಗಿನ ಬ್ಯಾಟರಿಯ ಸಂಪರ್ಕ ತಾನಾಗಿ ಕಡಿಯಬೇಕು. ಅದಕ್ಕಾಗಿ ಪೆಡಲ್ಲಿನ ಕಿಂಡಿಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಪಿನ್ನು ಒಳಹೊಕ್ಕು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳುವುದು ಪಿನ್ನಿನ ಹೊರಮೈ. ಆದ್ದರಿಂದ ಬ್ಯಾಟರಿಯ ಧನ ತಂತಿ ಹೊರಮೈಯ ಕಡೆಗೇ ಬಂತು, ನಡುಭಾಗಕ್ಕೆ ಉಳಿದದ್ದು ಋಣ. ಬ್ಯಾಟರಿಯ ಋಣ ತಂತಿಗೂ ಇನ್ನೊಂದು ಕೆಲಸ ಕೊಟ್ಟಿರುತ್ತಾರೆ. ಗಿಟಾರಿನ ಕೇಬಲ್ಲನ್ನು ಪೆಡಲ್ಲಿಗೆ ಚುಚ್ಚಿದಾಗಲೇ ಅದು ಕೂಡಿಕೊಳ್ಳುತ್ತದೆ. ಕೇಬಲ್ಲನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಬರಿದಾಗಿರುವುದು ಈ ಕಾರಣಕ್ಕೇ.

ಧ್ರುವತೆ ತಿರುವಾದರೆ ಕಾಪಾಡಲೆಂದು ಅನೇಕ ಪೆಡಲ್ಲುಗಳಲ್ಲಿ ಒಂದು ಡಯೋಡ್ ಇಟ್ಟಿರುತ್ತಾರೆ. ಅದು ಕಾವಲುಗಾರನಂತೆ, ತಪ್ಪು ದಿಕ್ಕಿನಿಂದ ಬಂದ ಪ್ರವಾಹವನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ. ಬಡಕಲು ಅಡಾಪ್ಟರ್ ಆದರೆ ಅಷ್ಟಕ್ಕೇ ಸುಸ್ತಾಗಿ ನಿಲ್ಲುತ್ತದೆ. ಗಟ್ಟಿ ಅಡಾಪ್ಟರ್ ಆದರೆ ಕಾವಲುಗಾರನೇ ಸುಟ್ಟು, ದಾರಿ ತೆರೆದುಕೊಳ್ಳಬಹುದು. ರೌಟರಿನದು 12 ವೋಲ್ಟ್, ಅದೂ ತಿರುವು ಧ್ರುವದ್ದು. ದುರಸ್ತಿಯವರು ಡಯೋಡ್ ಬದಲಿಸಿ ನೋಡಿದರು. ಆ ವೇಳೆಗೆ ಒಳಗಿನ ಮುಖ್ಯ ಚಿಪ್ಪೂ ಹೋಗಿತ್ತು.

ಇನ್ನು ಚೀಟಿಯ ಕೊನೆಯ ಅಂಕಿ, ಮಿಲಿಆಂಪಿಯರ್. ಇಲ್ಲಿ ಜನ ಅನಗತ್ಯವಾಗಿ ಹೆದರುತ್ತಾರೆ. 'ಪೆಡಲ್ಲಿಗೆ 20 ಮಿಲಿಆಂಪಿಯರ್ ಸಾಕು, ಅಡಾಪ್ಟರ್ ಮೇಲೆ 1000 ಅಂತ ಇದೆ, ಸುಟ್ಟುಹೋಗುವುದಿಲ್ಲವೇ?' ಎಂದು ಕೇಳುವವರುಂಟು. ಇಲ್ಲ. ಬಾವಿಯಲ್ಲಿ ಎಷ್ಟು ನೀರಿದ್ದರೇನು, ಕೊಡ ತನ್ನ ಹೊಟ್ಟೆ ಹಿಡಿಯುವಷ್ಟನ್ನೇ ತುಂಬಿಕೊಳ್ಳುತ್ತದೆ. ವೋಲ್ಟೇಜು ಸರಿಯಿದ್ದರೆ ಪೆಡಲ್ ತನಗೆ ಬೇಕಾದಷ್ಟು ಪ್ರವಾಹವನ್ನು ಮಾತ್ರ ಎಳೆದುಕೊಳ್ಳುತ್ತದೆ. ಕಡಿಮೆ ಬೀಳುವುದೇ ತೊಂದರೆ. ಸರಳ ಡಿಸ್ಟಾರ್ಷನ್ ಪೆಡಲ್ಲಿಗೆ ಕೆಲವೇ ಮಿಲಿಆಂಪಿಯರ್ ಸಾಕು. ಸ್ಟ್ರೈಮನ್ ಬಿಗ್‌ಸ್ಕೈಯಂಥ ಡಿಜಿಟಲ್ ಪೆಡಲ್ 300 ಮಿಲಿಆಂಪಿಯರ್ ಕೇಳುತ್ತದೆ. 100ರ ಅಡಾಪ್ಟರಿನಿಂದ ಅದನ್ನು ನಡೆಸಹೊರಟರೆ ಅಡಾಪ್ಟರ್ ಬಿಸಿಯಾಗಿ, ವೋಲ್ಟೇಜು ಕುಸಿದು, ಪೆಡಲ್ ನಡುನಡುವೆ ಆರಿ ಹೊತ್ತಿಕೊಳ್ಳುತ್ತದೆ. ಒಂದೇ ಅಡಾಪ್ಟರಿನಿಂದ ಹಲವು ಪೆಡಲ್ಲುಗಳಿಗೆ ಸರಪಣಿ ಕೇಬಲ್ ಎಳೆಯುವುದಾದರೆ ಎಲ್ಲ ಅಂಕಿಗಳನ್ನೂ ಕೂಡಿಸಿ, ಮೇಲೆ ಒಂದಿಷ್ಟು ಸೇರಿಸಿ.

ಸರಪಣಿಯಲ್ಲಿ ಒಂದು ಅಪವಾದವಿದೆ. 1966ರಲ್ಲಿ ಬಂದ ಫಜ್ ಫೇಸ್‌ನಂಥ ಪೆಡಲ್ಲುಗಳಲ್ಲಿ ಜರ್ಮೇನಿಯಂನ ಪಿ.ಎನ್.ಪಿ. ಟ್ರಾನ್ಸಿಸ್ಟರುಗಳಿದ್ದವು, ಅವುಗಳಲ್ಲಿ ಧನ ತುದಿಯೇ ಪೆಟ್ಟಿಗೆಗೆ, ಕೇಬಲ್ಲಿನ ಹೊರಕವಚಕ್ಕೆ ಸೇರಿರುತ್ತದೆ. ಉಳಿದ ಪೆಡಲ್ಲುಗಳಲ್ಲಿ ಹೊರಕವಚಕ್ಕೆ ಸೇರಿರುವುದು ಋಣ. ಗಿಟಾರ್ ಕೇಬಲ್ಲು ಎರಡೂ ಪೆಟ್ಟಿಗೆಗಳನ್ನು ಜೋಡಿಸುತ್ತದೆ, ಅಡಾಪ್ಟರ್ ಒಂದೇ. ಧನ ಎಲ್ಲಿ ಹೋಗಿ ಋಣವನ್ನು ಮುಟ್ಟುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದು ನೋಡಿ. ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ಶಾರ್ಟ್ ಸರ್ಕ್ಯೂಟ್ ಕಣ್ಣೆದುರಿಗೇ ಬರುತ್ತದೆ.

ಅಂಕಿಗಳೆಲ್ಲ ಸರಿಯಿದ್ದೂ ಆಂಪ್ಲಿಫೈಯರಿನಿಂದ ಗುಂಯ್ ಎಂಬ ಸದ್ದು ಬರುವುದುಂಟು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅಡಾಪ್ಟರ್ ಅದನ್ನು ಡಿ.ಸಿ.ಗೆ ತಿರುಗಿಸುವಾಗ ಸರಿಯಾಗಿ ಸಮಗೊಳಿಸದಿದ್ದರೆ 100 ಹರ್ಟ್ಸಿನ ಅಲೆಯೊಂದು ಉಳಿದುಬಿಡುತ್ತದೆ. ನಿಮ್ಮ ಗಿಟಾರಿನ ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಆ ಸ್ವರ 98 ಹರ್ಟ್ಸ್. ಗುಂಯ್ಗುಡುವ ಸದ್ದು ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ಕೇಳಿದರೆ ಅಡಾಪ್ಟರಿನ ಮೇಲೆ ಸಂಶಯಪಡಲು ಕಾರಣವಿದೆ. ಸಣ್ಣ ಸದ್ದನ್ನೂ ದೊಡ್ಡದು ಮಾಡುವುದೇ ಡಿಸ್ಟಾರ್ಷನ್ ಪೆಡಲ್ಲಿನ ಕಸುಬಾದ್ದರಿಂದ ಈ ಅಲೆಯನ್ನೂ ಅದು ಬಿಡುವುದಿಲ್ಲ. ಕೀರಲು ಸದ್ದು ಬಂದರೆ ಸರಪಣಿಯಲ್ಲಿರುವ ಡಿಜಿಟಲ್ ಪೆಡಲ್ಲನ್ನು ಬಿಡಿಸಿ, ಅದಕ್ಕೆ ಬೇರೆ ಅಡಾಪ್ಟರ್ ಕೊಟ್ಟು ನೋಡಿ. ಪ್ರತಿ ಪೆಡಲ್ಲಿಗೂ ಪ್ರತ್ಯೇಕ ಹೊರಕಿಂಡಿ ಇರುವ ದುಬಾರಿ ಪವರ್ ಸಪ್ಲೈಗಳು ಇರುವುದು ಇದೇ ಕಾರಣಕ್ಕೆ. ಎರಡು ಮೂರು ಪೆಡಲ್ಲು ಇರುವವರಿಗೆ ಅದರ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 3ರಿಂದ 12 ವೋಲ್ಟ್‌ವರೆಗೆ ತಿರುಗಿಸಬಹುದಾದ ಅಗ್ಗದ ಬ್ಯಾಟರಿ ಎಲಿಮಿನೇಟರುಗಳು ಸಿಗುತ್ತವೆ. ರೇಡಿಯೋಗೆ ಅವು ಪರವಾಗಿಲ್ಲ. ಪೆಡಲ್ಲಿಗೆ ಬೇಡ. ಟ್ರಾನ್ಸ್‌ಫಾರ್ಮರಿನ ಹಳೆಯ ಮಾದರಿಗಳು 9ಕ್ಕೆ ತಿರುಗಿಸಿದರೂ ಭಾರವಿಲ್ಲದಾಗ 12, 13 ವೋಲ್ಟ್ ತೋರಿಸಬಲ್ಲವು; ಜೊತೆಗೆ ಗುಂಯ್ ಸದ್ದು. 'ರೆಗ್ಯುಲೇಟೆಡ್' ಎಂದು ಕೇಳಿ ಕೊಳ್ಳಿ. ಬಾಸ್ ಸಂಸ್ಥೆಯ ಹಳೆಯ ಪೆಡಲ್ಲನ್ನು ಯಾರಿಂದಲಾದರೂ ಕೊಂಡಿದ್ದರೆ ಅದರ ಮೇಲೆ 'ಎ.ಸಿ.ಎ.' ಎಂಬ ಅಡಾಪ್ಟರಿನ ಹೆಸರಿದೆಯೇ ನೋಡಿ. ಹೆಸರಿಗೆ 9 ಆದರೂ ಸುಮಾರು 12 ವೋಲ್ಟ್ ಕೊಡುತ್ತಿದ್ದ ಅಡಾಪ್ಟರ್ ಅದು. ಇಂಥ ಪೆಡಲ್ಲಿಗೆ ಈಗಿನ ಕರಾರುವಾಕ್ಕಾದ 9 ವೋಲ್ಟ್ ಕೊಟ್ಟರೆ ದೀಪ ಮಂಕಾಗುತ್ತದೆ, ಪೆಡಲ್ ಕೆಟ್ಟಿರುವುದಿಲ್ಲ.

ಚೀಟಿ ಅಳಿಸಿಹೋಗಿದ್ದರೆ ಪ್ರಯೋಗಶಾಲೆಯ ಮಲ್ಟಿಮೀಟರ್ ಇದೆ. 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಿನ್ನಿನ ರಂಧ್ರದೊಳಕ್ಕೂ ಕಪ್ಪನ್ನು ಹೊರಮೈಗೂ ತಾಗಿಸಿ. ಎರಡು ಕಡ್ಡಿಗಳೂ ಒಂದನ್ನೊಂದು ಮುಟ್ಟದಿರಲಿ. ಅಂಕಿಯ ಮುಂದೆ ಋಣ ಚಿಹ್ನೆ ಬಂದರೆ ನಡುಭಾಗ ಋಣ. ಸೊನ್ನೆಯ ಹತ್ತಿರವೇ ನಿಂತರೆ ಅಡಾಪ್ಟರ್ ಕೆಟ್ಟಿದೆ, ಇಲ್ಲವೇ ಅದು ಎ.ಸಿ.ಯದು.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಪೆಡಲ್ ತಂದುಕೊಟ್ಟರೆ ಅಡಾಪ್ಟರಿನ 'ಇನ್‌ಪುಟ್' ಸಾಲನ್ನೂ ಓದಿ. '100ರಿಂದ 240 ವೋಲ್ಟ್' ಎಂದಿದ್ದರೆ ನಮ್ಮ 230 ವೋಲ್ಟಿಗೆ ಧಾರಾಳವಾಗಿ ನಡೆಯುತ್ತದೆ. ಬರೀ 120 ಎಂದಿದ್ದರೆ ಪಿನ್ನು ಬದಲಿಸುವ ಕನ್ವರ್ಟರ್ ಹಾಕಿ ಚುಚ್ಚಬೇಡಿ. ಆ ಕನ್ವರ್ಟರ್ ಬದಲಿಸುವುದು ಆಕಾರವನ್ನು ಮಾತ್ರ. ಆ ಅಡಾಪ್ಟರನ್ನು ಅದು ಬಂದ ಡಬ್ಬಿಯಲ್ಲೇ ಇಟ್ಟು, ಇಲ್ಲಿಯದೊಂದನ್ನು ಕೊಳ್ಳಿ.